ಕಾರಟಗಿಯಲ್ಲಿ ತಗಾಲೊಗ್

"ಏನೋ ಟಗರು ಕಲೀತಿಯಂತಲ್ಲ?" ಎಂದು
ಲಚಮವ್ವ ಮಾಳಿಗೆಯಿಂದಲೇ ಕೂಗಿದಳು.
ಟಗರಲ್ಲವ್ವ, ಟಗಾಲೊಗ್. ತಮ್ಮನ ಹೆಂಡತಿಯ ಮಾತು.
ನಮ್ಮ ಕಾರಟಗಿಯ ಹೊಟ್ಟೆಯಲ್ಲೇ ಒಂದು 'ಟಗ' ಇದೆ,
ಅರ್ಧ ಬಂದ ಹಾಗೇ ಎಂದುಕೊಂಡಿದ್ದೆ.
ಮರಿಸೆಲ್ ಮೊದಲ ದಿನವೇ ತಿದ್ದಿದಳು:
ಟ ಅಲ್ಲ, ತ.
ನಾಲಿಗೆ ಹಲ್ಲಿಗೆ ತಾಗಬೇಕು, ಅಂಗುಳಕ್ಕಲ್ಲ.
ಹೋಯಿತು, ಇದ್ದ ಅರ್ಧವೂ.

ಜುಬೈಲಿನಿಂದ ಪಂಪಾಪತಿ ವಾರಕ್ಕೊಂದು ದಾರಿ ಕಳಿಸಿದ.
ಮೊದಲು ಆ್ಯಪು.
ಅದು ತಿಂಗಳೊಪ್ಪತ್ತು ನನಗೆ ಸೇಬು ತಿನ್ನಿಸಿತು.
ಗಂಡಸು ಸೇಬು ತಿನ್ನುತ್ತಾನೆ. ಹೆಂಗಸು ಸೇಬು ತಿನ್ನುತ್ತಾಳೆ.
ಸರಿ ಹೇಳಿದರೆ ಗಂಟೆ ಬಾರಿಸಿ ಬೆನ್ನು ತಟ್ಟುತ್ತಿತ್ತು.
ಜ್ವರ ಬಂದವರಿಗಲ್ಲದೆ ಸೇಬು ತರದ ಈ ಮನೆಯಲ್ಲಿ
ಯಾರಿಗೆ ಹೇಳಲಿ ಅದನ್ನು?

ಆಮೇಲೆ ಪುಸ್ತಕ.
ಮಾತಿನ ನಡುವೆ 'ಉಮ್' ಸೇರುತ್ತದಂತೆ, ಅಕ್ಕಿಯೊಳಗೆ ಹರಳಿನ ಹಾಗೆ.
ಕಾಇನ್ ಎಂದರೆ ಉಣ್ಣು, ಕುಮಾಇನ್ ಎಂದರೆ ಉಂಡಾಯಿತು.
ಆರಿಸಿ ಆರಿಸಿ ಕಣ್ಣು ಸೋತವು.
ಸಿನಿಮಾ ನೋಡಿದೆ, ಬೈಗುಳ ಬಂತು.
ಗಂಟೆಗಿಷ್ಟು ಎಂದು ಫೋನಿನಲ್ಲಿ ಕಲಿಸುವ ಹುಡುಗಿ
ಭತ್ತಕ್ಕೂ ರೈಸ್ ಎಂದಳು, ಅಕ್ಕಿಗೂ ರೈಸ್, ಅನ್ನಕ್ಕೂ.
ಅಷ್ಟರಲ್ಲಿ ಕರೆಂಟು ಹೋಯಿತು. ಒಳ್ಳೆಯದೇ ಆಯಿತು.

ಪುಷ್ಯದ ಒಂದು ಮಧ್ಯಾಹ್ನ
ಮಿಲ್ಲಿನ ರಸ್ತೆಯ ಮೇಲೆ ಭತ್ತ ಒಣಹಾಕಿದ್ದರು.
ಏಳು ತಿಂಗಳ ಹೊಟ್ಟೆ ಹಿಡಿದು ಕುಕ್ಕರಗಾಲಲ್ಲಿ ಕೂತು
ಮರಿಸೆಲ್ ಒಂದು ಕಾಳು ಕಚ್ಚಿದಳು.
ಪಾಲಾಯ್, ಎಂದಳು, ನನಗಲ್ಲ, ಕಾಳಿಗೆ.
ಅಲ್ಲಿಂದ ಮನೆಯ ತನಕ ಬಾಯಿ ನಿಲ್ಲಲಿಲ್ಲ.
ಅಕ್ಕಿ ಬಿಗಸ್. ಅನ್ನ ಕಾನಿನ್. ತೌಡು ದರಕ್.
ನುಚ್ಚಿಗೂ ಒಂದು ಹೆಸರು, ಹೊಟ್ಟಿಗೂ,
ನಿನ್ನೆಯ ತಂಗಳನ್ನಕ್ಕೂ: ಬಾಹಾವ್.
ತಂಗಳಿಗೆ ಹೆಸರಿಟ್ಟವರು ನಮ್ಮಂಥವರೇ ಬಿಡು.
ಹಾಗಂತ ಅವಳು ಸೋನಾ ಮಸೂರಿಯನ್ನು
ಅಂಟುವ ತನಕ ಬೇಯಿಸಿದರೆ
ಅವ್ವ ತಟ್ಟೆ ಸರಿಸುವುದೇನೂ ತಪ್ಪಲಿಲ್ಲ.

ಹಿರಿಯರ ಮಾತಿಗೆ ಬಾಲವಾಗಿ 'ಪೊ' ಬೇಕು.
ಅದನ್ನು ಕಲಿಯಲೇ ಇಲ್ಲ ನಾನು, ನಮ್ಮ 'ರೀ' ಅದು.
ನನ್ನನ್ನು 'ಆತೆ' ಎನ್ನುತ್ತಾಳೆ, ಅಕ್ಕ ಎಂದು.
ಲಚಮವ್ವ ಊರೆಲ್ಲ ಸಾರಿದಳು:
"ನಾದಿನಿಗೆ ಅತ್ತೆ ಅಂತಾಳ, ಪಾಪ, ಸಂಬಂಧ ತಿಳಿಯಂಗಿಲ್ಲ."

ತೊಡಕಿದ್ದದ್ದು 'ನಾವು' ಎಂಬಲ್ಲಿ.
ಅವರಿಗೆ ಎರಡು ನಾವು.
ಕೇಳುವವರನ್ನೂ ಕೂಡಿಸಿಕೊಂಡರೆ ತಾಯೊ. ಬಿಟ್ಟರೆ ಕಮಿ.
ಪುಸ್ತಕ ನಾಲ್ಕು ಪುಟ ಹೆಣಗಿತ್ತು ಇದಕ್ಕೆ.
ನನಗೆ ಹತ್ತು ವರ್ಷಕ್ಕೇ ಗೊತ್ತಿತ್ತು.
ಆಂಧ್ರ ಕ್ಯಾಂಪಿನಲ್ಲಿ ನಾಟಿಗೆ ಹೋದಾಗ
ಬದುವಿನ ಮೇಲೆ ಗೌಡಸಾನಿ ಬುತ್ತಿ ಬಿಚ್ಚಿ
"ಮನಂ ತಿಂದಾಂ" ಎಂದರೆ ನನಗೂ ತುತ್ತುಂಟು,
"ಮೇಮು ತಿಂಟಾಂ" ಎಂದರೆ
ನಾನು ಕಾಲುವೆ ಕಡೆ ನಡೆಯಬೇಕು.
ಹೊಟ್ಟೆ ಕಲಿತದ್ದು ಮರೆಯುವುದಿಲ್ಲ.
ತಾಯೊ: ತಾಯಿಯ ಹಾಗೆ, ಎಲ್ಲರೂ.
ಕಮಿ: ಒಬ್ಬರು ಕಮ್ಮಿ.

ನಿನ್ನೆ ರಾತ್ರಿ ಅವಳಮ್ಮನ ಫೋನು.
ಅಲ್ಲಿ ನಡುರಾತ್ರಿಯಾಗಿರಬೇಕು, ಮುದುಕಿಗೆ ನಿದ್ದೆಯಿಲ್ಲ.
"ಕುಮಾಇನ್ ನಾ ಕಮಿ, ಇನಾಯ್."
ಉಂಡದ್ದು ತಿಳಿಯಿತು. ಕಮಿಯೂ ತಿಳಿಯಿತು.
ಎದೆ ಚುರ್ರೆಂದಿತು, ಮತ್ತೆ ಕಾಲುವೆ ಕಡೆಯೇ ಎಂದು.
ಪಾತ್ರೆ ತಿಕ್ಕುತ್ತ ಎಣಿಸಿದೆ:
ಉಂಡವರು ಅವ್ವ, ಅವಳು, ನಾನು.
ಕಮ್ಮಿಯಾದವರು ಯಾರು ಹಾಗಾದರೆ?
ನಲ್ಲಿ ನಿಲ್ಲಿಸಿದ ಮೇಲೆ ಹೊಳೆಯಿತು.

ಕೈ ಒರೆಸಿಕೊಂಡು ಹೋದೆ.
ಪರದೆಯಲ್ಲಿ ಬಿಳಿ ತಲೆ, ಕಿವಿಗೆ ಹಚ್ಚಿದ ಅಂಗೈ.
ಏನಾದರೂ ಹೇಳಬೇಕಿತ್ತು ಆ ಹಿರಿಯಳಿಗೆ.
ಇಡಿಯಾಗಿ ಬಾಯಿಗೆ ಬಂದದ್ದು ಒಂದೇ.
ಹೆಂಗಸು ಸೇಬು ತಿನ್ನುತ್ತಾಳೆ, ಎಂದೆ.
ನೆನಪಾಗಿ, ಪೊ, ಎಂದು ಸೇರಿಸಿದೆ.