ಇತರರು

ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ತಕ್ಕಡಿ ಹಿಡಿದವಳು ಎನಿಡ್ ಥ್ರಾಸ್ಕ್.
ನಿವೃತ್ತಳಾದ ಮೇಲೆ ಪತ್ರಿಕೆ ತೂಗತೊಡಗಿದಳು.

‘ತಿಳಿದುಬಂದಿದೆ’ ಅಂತೀರಲ್ಲ,
ಎಲ್ಲಿಂದ ಬಂತು, ಯಾವ ಬಸ್ಸಿಗೆ?
‘ಎನ್ನಲಾಗಿದೆ’: ಅಂದವರಿಗೆ ಹೆಸರಿಲ್ಲವೆ?
ವಾರಕ್ಕೊಂದು ಕಾಗದ. ಬೈಗುಳವಿಲ್ಲ.
ಕೊನೆಗೆ ತಪ್ಪದೆ ಒಂದು ಸಾಲು:
ನಿನ್ನೆಯ ಹವಾಮಾನ ಸರಿಯಾಗಿತ್ತು, ವಂದನೆ.

ಈಗ ಅವಳಿಗೊಂದು ಪ್ರಶಸ್ತಿ,
ಪತ್ರಿಕೆಯ ಕಿವಿ ಹಿಂಡಿದ್ದಕ್ಕೆ,
ಹಿಂಡುವಾಗ ಕಿತ್ತುಬರದಂತೆ ನೋಡಿಕೊಂಡದ್ದಕ್ಕೆ.
ಮುಂದಿನ ಸಾಲಲ್ಲೇ ಸಂಪಾದಕ ಮಾಲ್ಟ್‌ಬಿ,
ಚಪ್ಪಾಳೆ ತಟ್ಟುತ್ತ, ನಡುನಡುವೆ ಟೈ ಸಡಿಲಿಸುತ್ತ.

ಎರಡು ಮಾತಾಡಿ ಎಂದರು.
ಕೈಚೀಲದಿಂದ ಹಳದಿಗಟ್ಟಿದ ತುಣುಕು ತೆಗೆದಳು:
“ದೋಣಿ ಮುಳುಗಿ ಕಪ್ತಾನ, ಎಂಜಿನಿಯರ್
ಮತ್ತು ಇತರರು ಸತ್ತರು, ಅಂತಿದೆ.
ಆ ‘ಇತರರು’ ಇದ್ದಾನಲ್ಲ,
ಅವನಿಗೆ ಹತ್ತೊಂಬತ್ತು.
ನನ್ನ ತಮ್ಮ. ವಿಲ್ಫ್.”

ಅಷ್ಟೆ. ಕೂತಳು.

ಮರುದಿನ ಫೋಟೋದ ಅಡಿಯಲ್ಲಿ ಹನ್ನೊಂದೂ ಹೆಸರು,
ಅಂಚಿನಲ್ಲಿ ಚಹಾ ತಟ್ಟೆ ಹಿಡಿದು ನಿಂತ ಹುಡುಗನದೂ.
ಅದರಲ್ಲೊಂದು ಅಕ್ಷರ ತಪ್ಪು.

ಕನ್ನಡಕ ಒರೆಸಿಕೊಂಡು ಎನಿಡ್
ಬಹಳ ಹೊತ್ತು ಆ ಹೆಸರುಗಳನ್ನೇ ನೋಡಿದಳು.
ಆಮೇಲೆ ಪೆನ್ಸಿಲ್ ಹುಡುಕಿದಳು.