ಕಲಾಯಿಯವನ ಮಗಳು

ಸಬಾದೆಲ್ಲಿನಿಂದ ರೈಲು ಹಿಡಿದು, ಪೈನ್ ಮರಗಳ ಏರು ಹತ್ತಿ
ಅಪ್ಪ ಬಂದ. ಕೈಯಲ್ಲಿ ಕಾಗದ ಸುತ್ತಿದ ಬ್ರೆಡ್ಡು, ಟೊಮೇಟೊ ತಿಕ್ಕಿದ್ದು.
"ಇಲ್ಲಿ ತಿನ್ನುವ ಹಾಗಿಲ್ಲ" ಅಂದೆ.
"ಗೊತ್ತು ರೆಮೇಯ್. ನಮ್ಮ ತೊಟ್ಟಿಗಳ ಹತ್ತಿರವೂ
ತಿನ್ನುವ ಹಾಗಿರಲಿಲ್ಲ. ತಿನ್ನುತ್ತಿದ್ದೆವು."

ನಲವತ್ತೊಂದು ವರ್ಷ ಈ ಬೊನವೆಂತುರಾ
ನಲ್ಲಿ, ಬಾಗಿಲ ಹಿಡಿ, ಸೈಕಲ್ಲಿನ ಗಂಟೆ, ಶವಪೆಟ್ಟಿಗೆಯ ಶಿಲುಬೆ,
ಕೈಗೆ ಸಿಕ್ಕಿದ್ದಕ್ಕೆಲ್ಲ ನಿಕ್ಕಲ್ ಕಲಾಯಿ ಹಾಕಿದವನು.
ಗಾಳಿ ಒಳಗೆ ಬರಬಾರದು, ಅದೊಂದೇ ಅವನ ಶಾಸ್ತ್ರ.
ಬಂದರೆ ಕಬ್ಬಿಣ ಕೆಂಪಗೆ ಕೆಮ್ಮುತ್ತದೆ.
ಅವನೂ ಈಗ ಕೆಮ್ಮುತ್ತಾನೆ, ಬೇರೆ ಕಾರಣಕ್ಕೆ.

ತೋರಿಸಿದೆ: ಉಗುರಿನಗಲದ ಸಿಲಿಕಾನ್ ಚೂರು,
ಅದರ ಮೇಲೆ ಕೋಬಾಲ್ಟ್ ಆಕ್ಸೈಡಿನ ಪೊರೆ.
"ಎಷ್ಟು ದಪ್ಪ?"
"ಒಂದು ಕೂದಲನ್ನು ಎರಡೂವರೆ ಸಾವಿರ ಹೋಳು ಮಾಡಿದರೆ
ಅದರಲ್ಲೊಂದು ಹೋಳು."
"ನನಗೆ ಕೂದಲೆಲ್ಲಿದೆ" ಅಂದ.

ಮೇಲೊಂದು ಹನಿ ದ್ರವ. ಎರಡು ತಂತಿ.
ಸೂಜಿಗಲ್ಲು ಕರೆದರೂ ಓಗೊಡದ ಪೊರೆ ಇದು;
ಪರದೆಯ ಮೇಲೆ ಬರೀ ಒಂದು ಚಪ್ಪಟೆ ಗೆರೆ.
ವೋಲ್ಟೇಜಿನ ಗುಂಡಿ ತಿರುಗಿಸಿದೆ, ಋಣದ ಕಡೆಗೆ.

ಪೊರೆಯೊಳಗೆ ಕೂತಿದ್ದ ಆಮ್ಲಜನಕ ಒಂದೊಂದಾಗಿ
ಗಂಟು ಕಟ್ಟಿಕೊಂಡು ಹನಿಯೊಳಕ್ಕೆ ಹೊರಟಿತು.
ಇದೇನೂ ಕಾಣುವುದಿಲ್ಲ. ಕಾಣುವುದು ಗೆರೆ ಮಾತ್ರ:
ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಬಾಗಿತು,
ನಲವತ್ತಕ್ಕೆ ನಡುವೆ ಸೀಳಿ, ನಿದ್ದೆಗಣ್ಣಿನ ರೆಪ್ಪೆಯ ಹಾಗೆ
ತೆರೆಯಿತು.
ಹಿಂದೆ ಉಳಿದ ಕೋಬಾಲ್ಟು ಒಂದನ್ನೊಂದು ಗುರುತು ಹಿಡಿದು
ಒಂದೇ ದಿಕ್ಕಿಗೆ ಮುಖ ಮಾಡಿವೆ ಅಂದೆ.
ಬಿಸಿ ಮಾಡಿಲ್ಲ. ಹರಿದ ವಿದ್ಯುತ್ತು ಲೆಕ್ಕಕ್ಕೇ ಸಿಗದಷ್ಟು.

ಅಪ್ಪ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.
"ಅಂದರೆ ನೀನು ಏನನ್ನೂ ಹಚ್ಚುವುದಿಲ್ಲ."
"ಇಲ್ಲ."
"ತುಕ್ಕು ಬಿಡಿಸುತ್ತೀಯ."
ಹಾಗೆ ಯಾರೂ ಹೇಳಿರಲಿಲ್ಲ. ಪ್ರಬಂಧದಲ್ಲಿ
ಅದಕ್ಕೆ ನಾನು ಹನ್ನೊಂದು ಪುಟ ತೆಗೆದುಕೊಂಡಿದ್ದೆ.

"ಹೋದವರನ್ನು ಕರೆಸು ನೋಡೋಣ."
ಗುಂಡಿಯನ್ನು ಈಚೆಗೆ ತಿರುಗಿಸಿದೆ.
ಹೋದ ಪುಟ್ಟ ಬಂದ ಪುಟ್ಟ ಅಂತ ನಗುವ ಹಾಗಿಲ್ಲ ಇಲ್ಲಿ,
ಹೋಗಿ ಬರುವುದೇ ಇಲ್ಲಿ ಬರಹ:
ಹೋದರೆ ಒಂದು, ಬಂದರೆ ಸೊನ್ನೆ.

ರೆಪ್ಪೆ ಮುಚ್ಚಿತು. ಪೂರ್ತಿ ಅಲ್ಲ.
ನೂರಕ್ಕೆ ಮೂರೋ ನಾಲ್ಕೋ ಪಾಲು ತೆರೆದೇ ಉಳಿಯಿತು.
ಪ್ರತಿ ಸಲ ಉಳಿಯುತ್ತದೆ, ನನ್ನ ತಲೆನೋವೆಲ್ಲ ಅದೇ:
ಕೆಲವರು ದಾರಿಯಲ್ಲೇ ನಿಂತುಬಿಡುತ್ತಾರೆ,
ಕೆಲವರು ಬಂದವರು ಬೇರೆಯವರ ಮನೆಯಲ್ಲಿ ಕೂರುತ್ತಾರೆ.

ಅಪ್ಪ ತೋಳು ಮಡಚಿ ಮಣಿಕಟ್ಟನ್ನು ದೀಪಕ್ಕೆ ಹಿಡಿದ.
ಕೆಲಸ ಬಿಟ್ಟು ಒಂಬತ್ತು ವರ್ಷ. ಗಡಿಯಾರ ಕಟ್ಟಿದರೆ
ಇವತ್ತಿಗೂ ದದ್ದು ಏಳುತ್ತದೆ,
ನಿಕ್ಕಲ್ ಎಲ್ಲೆಲ್ಲಿ ಮುಟ್ಟುತ್ತದೋ ಅಲ್ಲಲ್ಲಿ.
"ಚರ್ಮ ಲೆಕ್ಕ ಇಟ್ಟಿರುತ್ತದೆ" ಅಂದ,
ದೂರಿನ ದನಿಯಲ್ಲಲ್ಲ, ಕಸುಬಿನ ದನಿಯಲ್ಲಿ.

ಹೊರಗೆ ಬೆಂಚಿನ ಮೇಲೆ ಕಾಗದ ಬಿಚ್ಚಿದೆವು.
ಟೊಮೇಟೊ ಅಷ್ಟರಲ್ಲಿ ಬ್ರೆಡ್ಡಿನೊಳಕ್ಕೆ ಇಳಿದುಹೋಗಿತ್ತು,
ಯಾವುದು ಎಲ್ಲಿ ಮುಗಿಯುತ್ತದೆಂದು ಹೇಳಲಾಗದ ಹಾಗೆ.
ತಿಂದೆವು.
ರೈಲಿಗೆ ಹೊತ್ತಾಯಿತೇನೋ ಎಂದು ಅಪ್ಪ ಗಂಟೆ ಕೇಳಿದ.
ನನ್ನ ಕೈ ನೋಡಿ ಹೇಳಿದೆ.