ಸುರಂಗ ಬಾವಿಯಾಕಿ

ನೌಬಾದಿನ ಕೆಳಗ ನೀರು ಕತ್ತಲಾಗ ನಡೀತದಲ್ಲ,
ಅಲ್ಲಿ ನನ್ನ ಮನಿ. ಹೆಸರು ಕೇಳಬ್ಯಾಡ್ರಿ,
ಕರೆದವರ ಬಾಯಾಗ ಏನು ಬಂತೋ ಅದೇ.

ಗಂಡಸರನ್ನ ಸೆಳೆಯೂದು ಸುಲಭ.
ಚೆಲುವು ಬೇಕಾಗಿಲ್ಲ ಅದಕ್ಕ.
ಕಥಿ ಹೇಳೂ ಮುದುಕೇರಿಗೆ ಇದು ಗೊತ್ತಿಲ್ಲ,
ಮೊಣಕಾಲತನಕ ಕೂದಲಾ, ಹಿಂದುಮುಂದಾದ ಪಾದಾ ಅಂತ
ಏನೇನೋ ಹಚ್ಚಿ ಹೇಳ್ತಾರ.
ಅಂವ ಏನು ಕಳಕೊಂಡಾನೋ ಅದಾಗಬೇಕು, ಅಷ್ಟೇ.

ಕುದುರಿ ವ್ಯಾಪಾರಿಗೆ ಕುಂಟು ಹೆಣ್ಣುಕುದುರಿ ಆದೆ,
ಅಂವ ಅತ್ತೇಬಿಟ್ಟ.
ಹುಮನಾಬಾದ ರಸ್ತಾದ ಲಾರಿ ಡ್ರೈವರಗೆ
ನಡುರಾತ್ರಿ ದೀಪ ಹಚ್ಚಿದ ಚಾದಂಗಡಿ ಆದೆ.
ಬೆಳಗಾಗೂತನಕ ಒಳಗ
ಇಲ್ಲದ ಚಹಾ ಊದಿಕೋತ ಕುಂತಿದ್ದ.

ಆಮ್ಯಾಲ ದಸ್ತಗೀರ್ ಚಾಚಾನ ಸರದಿ.
ಚೌಬಾರದ ಹಿಂದಿನ ಓಣಿ, ಬಿದರಿ ಕೆಲಸದಾಂವ,
ಕಣ್ಣಾಗ ಪೊರೆ, ಕೆಲಸೆಲ್ಲಾ ಹೆಬ್ಬೆರಳಿನ ಮ್ಯಾಲ.
ಸತ್ತ ಹೆಂಡತಿ ಮಸ್ತಾನಬಿ ಆಗಿ ಹೋದೆ:
ಆಕಿ ಎಡಗಾಲು ಎಳೆಯೂ ಸಪ್ಪಳ, ಆಕಿ ಕೆಮ್ಮು,
ಮದರಂಗಿ ವಾಸನಿ, ಒಂದೂ ಬಿಡಲಿಲ್ಲ.

ಅಂವ ತಲಿ ಎತ್ತಲಿಲ್ಲ.
ಕಿಲ್ಲೇದ ಮಣ್ಣು ಚಿಟಿಕಿ ತಗೊಂಡು ನಾಲಿಗಿಗೆ ಹಚ್ಚಿದ,
ಚಪ್ಪರಿಸಿದ, ಉಗುಳಿದ.
"ಇದಕ್ಕ ಬಿಸಿಲು ತಾಕ್ಯದ," ಅಂದ.
ನನಗ ಅಂದನೋ, ಮಣ್ಣಿಗೋ?
"ಬಂದೀಯಲ್ಲ, ಈ ತಾಟು ಹಿಡಿ. ಅಲುಗಬಾರದು."

ಹಿಡಿಯಾಕ ಕೈ ಬೇಕು.
ಮಸ್ತಾನಬಿಯ ಕೈ ನಡುಗ್ತಿತ್ತು, ಅದು ಬ್ಯಾಡ.
ರಾಣಿಯ ಕೈ, ಗೌಳಗಿತ್ತಿಯ ಕೈ, ಒಂದು ಸಲ ಮಂಗ್ಯಾನ ಕೈ,
ಟ್ರಂಕು ಬುಡಮೇಲು ಮಾಡಿದಾಂಗ ಹುಡುಕಿದೆ.
ನಂದು ಅನ್ನೂದು ತಳದಾಗೂ ಇರಲಿಲ್ಲ.
ಸಿಕ್ಕದ್ದರಿಂದ ಹಿಡಿದೆ.

ಬೆಳ್ಳಿ ತಂತಿ ಗೀರಿನಾಗ ಕುಂತಿತು, ಠಕ್ ಠಕ್.
ನವಸಾಗರ ಬೆರಸಿ ಮಣ್ಣು ತಿಕ್ಕಿದರ
ತಾಟೆಲ್ಲಾ ಅಮಾಸಿ ಆತು, ಬೆಳ್ಳಿ ಒಂದು ಬಿಟ್ಟು.
ನನ್ನ ಬೆರಳಿಗೂ ಹತ್ತಿತು ಆ ಮಣ್ಣು.
ಕಪ್ಪಾಗದ್ದು ಏನು ಉಳೀತು ಅಂತ
ನಾ ಇನ್ನೂ ನೋಡಿಕೊಂಡಿಲ್ಲ. ಅಂಜಿಕಿ.

ಮೂರು ವರ್ಷಾತು, ದಿನಾ ಸಂಜೀಗೆ ಹೋಗ್ತೀನಿ.
ಯಾವ ರೂಪದಾಗ ಬಂದಿ ಅಂತ ಅಂವ ಕೇಳಿಲ್ಲ.
ನಾ ಆರಿಸಿಕೊಳ್ಳೂದೂ ಬಿಟ್ಟೀನಿ.
ಭಟ್ಟಿ ಊದೂ ಹುಡುಗ ಮಾತ್ರ ನಿನ್ನಿ ಕೇಳಿದ:
"ಚಾಚಾ, ಈ ಆಡು ಯಾರದು?"

"ಆಡಾ?" ಚಾಚಾ ಉಳಿ ಕೆಳಗಿಟ್ಟು ನಕ್ಕ.
"ಭಾಳ ಚಂದ ಹಿಡೀತದ, ನೋಡು."